ಕಲ್ಲಿನ ಮೇಲೊಂದು ‘ರಿಜಿಸ್ಟರ್’

ಸೆಪ್ಟೆಂಬರ್ 18, 2024, ಬುಧವಾರ
ಎಗ್‌ಮೋರ್ತ್, ದಕ್ಷಿಣ ಫ್ರಾನ್ಸ್

ಸೊಳ್ಳೆ. ಮೊದಲು ಅದನ್ನೇ ಬರೆಯಬೇಕು. ಕುಮಟೆಯಲ್ಲಿ ಹುಟ್ಟಿ ಬೆಳೆದವಳು ಸೊಳ್ಳೆಗೆ ಅಂಜಬಾರದು, ಆದರೆ ಇಲ್ಲಿಯವು ಪ್ಯಾಂಟಿನ ಮೇಲಿಂದಲೇ ಕಚ್ಚುತ್ತವೆ. ಊರಿನ ಹೆಸರಿಗೇ ‘ಸತ್ತ ನೀರು’ ಅಂತ ಅರ್ಥ. ಇನ್ನೇನಾಗುತ್ತದೆ!

ಬೆಳಿಗ್ಗೆ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಒಂದು ತಾಸು ಹೋಯಿತು. ಕಂಡ ಕಂಡ ಪಾರ್ಕಿಂಗಿಗೆಲ್ಲ ಎರಡು ಮೀಟರ್ ಎತ್ತರಕ್ಕೆ ಅಡ್ಡಕಂಬಿ, ನಮ್ಮ ಮೋಟರ್‌ಹೋಮ್ (ಅಡುಗೆ, ನಿದ್ದೆ ಎಲ್ಲ ಒಳಗೇ ಆಗುವ ಗಾಡಿ) ಮೂರು ಮೀಟರ್. ಕೊನೆಗೂ ಕೋಟೆಯ ಹೊರಗೆ ಜಾಗ ಸಿಕ್ಕಿತು. ಇವರು ಟಾಯ್ಲೆಟ್ ಡಬ್ಬಿ ಖಾಲಿ ಮಾಡಲು ಹೋದರು (ಅದು ಇವರ ಪಾಲಿನ ಕೆಲಸ, ನಾನಂತೂ ಮುಟ್ಟುವುದಿಲ್ಲ). ನಾನೂ ಅಮ್ಮನೂ ಕೋನ್‌ಸ್ತಾನ್ಸ್ ಗೋಪುರ ಹತ್ತಿದೆವು.

ಅಮ್ಮನ ಮಂಡಿನೋವು ನಿಮಗೆ ಗೊತ್ತೇ ಇದೆ. ಬೇಡ ಅಂದರೆ ಕೇಳಬೇಕಲ್ಲ. 9ನೇ ಲೂಯಿ ರಾಜ ಕಟ್ಟಿಸಿದ ಗೋಪುರ, 1248ರಲ್ಲಿ ಅವನು ಧರ್ಮಯುದ್ಧಕ್ಕೆ ಹಡಗು ಹತ್ತಿದ್ದು ಇದೇ ಊರಿಂದ. ಗೋಡೆಯೇ ಆರು ಮೀಟರ್ ದಪ್ಪ, ಕಿಟಕಿ ಅನ್ನುವುದು ಬರೀ ಸೀಳು. ಮೇಲಿನ ಕೋಣೆಯ ನಡುವೆ ನೆಲದಲ್ಲಿ ದುಂಡನೆಯ ತೂತು, ಅದರ ಸುತ್ತ ಬಾವಿಕಟ್ಟೆಯ ಹಾಗೆ ಕಲ್ಲು. ಕಲ್ಲಿನ ಮೇಲೆ ಕೆತ್ತಿದ ಅಕ್ಷರಗಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ಕೂಡಿಸಿ ಓದಿದಳು.

“ರಿಜಿಸ್ಟರ್! ಇಲ್ಲೂ ಹಾಜರಿ ಹಾಕ್ತಿದ್ರಾ?”

ಮೂವತ್ತೆರಡು ವರ್ಷ ಅಕ್ಕೋರಾಗಿದ್ದವಳಿಗೆ ಇನ್ನೇನು ಹೊಳೆಯಬೇಕು. ನಕ್ಕು ನಕ್ಕು ಹೇಳಿದೆ, ಅದು ಇಲ್ಲಿ ಸೆರೆಯಲ್ಲಿದ್ದ ಹೆಂಗಸರ ಊರ ಕಡೆಯ ಆಡುಮಾತು, ಅರ್ಥ ‘ಮಣಿಯಬೇಡ’ ಅಂತ. ಕೆತ್ತಿದವಳು ಮಾರಿ ದ್ಯುರಾಂ ಅನ್ನುತ್ತಾರೆ. ಪ್ರಾಟೆಸ್ಟಂಟರು ಪ್ರಾರ್ಥನೆಗೆ ಸೇರುವುದೇ ಅಪರಾಧವಾಗಿದ್ದ ಕಾಲ, ಅಣ್ಣ ಪಾದ್ರಿ, ಅವನನ್ನು 1732ರಲ್ಲಿ ಗಲ್ಲಿಗೇರಿಸಿದರು. ತಂಗಿಯನ್ನು ಅದಕ್ಕೂ ಮೊದಲೇ, 1730ರಲ್ಲಿ, ಇಲ್ಲಿ ತಂದು ಕೂಡಿಹಾಕಿದ್ದರು. ಹತ್ತೊಂಬತ್ತು ವರ್ಷದ ಹುಡುಗಿ. ಹೊರಗೆ ಬಂದದ್ದು 1768ರಲ್ಲಿ.

ಅಮ್ಮನ ನಗು ನಿಂತಿತು. “ಮೂವತ್ತೆಂಟು ವರ್ಷ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲವಾ?”

“ಇತ್ತು. ನನ್ನ ಮತ ಬಿಟ್ಟೆ ಅಂತ ಒಂದು ಮಾತು ಹೇಳಿದ್ದರೆ ಬಿಡುತ್ತಿದ್ದರು.”

ಆಮೇಲೆ ಅವಳು ಮಾತೇ ಆಡಲಿಲ್ಲ. ಗೋಪುರದ ತುದಿಯಿಂದ ಉಪ್ಪಿನ ಗದ್ದೆ ಕಾಣುತ್ತದೆ, ನೀರು ಗುಲಾಬಿ ಬಣ್ಣ, ಆಚೆಗೆ ಗುಡ್ಡದಷ್ಟು ಉಪ್ಪು ರಾಶಿ. ನಮ್ಮೂರ ಕಡೆಯ ಸಾಣಿಕಟ್ಟಾದ ಉಪ್ಪಿನಾಗರ ನೆನಪಾಯಿತು ಅಂದೆ. ಹೂಂ ಅಂದಳು ಅಷ್ಟೇ.

ರಾತ್ರಿ ಗಾಡಿಯಲ್ಲಿ ಅನ್ನ, ಸಾರು. ಪೇಟೆಯಲ್ಲಿ ಕೊಂಡ ಉಪ್ಪಿನ ಡಬ್ಬಿ ತೆಗೆದು ಅಮ್ಮ ಒಂದು ಹರಳು ನಾಲಿಗೆಗಿಟ್ಟುಕೊಂಡಳು, ಅಪ್ಪೆಮಿಡಿಗೆ ಇದು ಆಗಲಿಕ್ಕಿಲ್ಲ ಅಂತ ತೀರ್ಪು ಕೊಟ್ಟಳು. ಡಬ್ಬಿಯ ಮುಚ್ಚಳ ಹಾಕುತ್ತಾ, ಸುಮ್ನೆ, “ನಾನಾಗಿದ್ರೆ ಎರಡನೇ ದಿನಕ್ಕೇ ಹೇಳಿಬಿಡ್ತಿದ್ದೆ ತಂಗೀ. ಒಂದು ಮಾತು, ಅಲ್ವಾ?”

ಇವರು ನನ್ನ ಮುಖ ನೋಡಿದರು. ಅಪ್ಪ ಹೋಗಿ ನಾಲ್ಕು ವರ್ಷ, ಆ ದೊಡ್ಡ ಮನೆಯಲ್ಲಿ ಒಬ್ಬಳೇ, ಮಾರುತ್ತೇನೆ ಅನ್ನುವ ಮಾತು ಮಾತ್ರ ಇವಳ ಬಾಯಿಂದ ಬಂದಿಲ್ಲ. ಈ ಪ್ರವಾಸದಲ್ಲಿ ಹೇಗಾದರೂ ಆ ವಿಷಯ ಎತ್ತಬೇಕು ಅಂತಲೇ ನಾವಿಬ್ಬರೂ ಮಾತಾಡಿಕೊಂಡು ಹೊರಟದ್ದು. ಇವತ್ತು ಎತ್ತಬಹುದಿತ್ತು, ಅವಳೇ ಬಾಗಿಲು ತೆರೆದ ಹಾಗಿತ್ತು, ಆದರೆ ನಾನು ಇನ್ನೊಂದು ಸೌಟು ಸಾರು ಹಾಕಿ ಸುಮ್ಮನಾದೆ.