ಪ್ರಾರ್ಥನೆ ಮಾಡಿದರೆ ಮೀನು ಜಾಸ್ತಿ ಸಿಗುತ್ತಾ?

ಶನಿವಾರ ಬೆಳಗಿನ ಜಾವ ನಾವು ಮೂವರು ಗೋವಾದ ವಾಸ್ಕೋದಿಂದ ಹೊರಟು, ಜುವಾರಿ ನದಿ ಸಮುದ್ರ ಸೇರುವ ಕಡೆ ಗಾಳ ಹಾಕುತ್ತೇವೆ. ಹೊರಡುವ ಮೊದಲು ನಾನು ಒಂದು ನಿಮಿಷ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತೇನೆ. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ: "ಪ್ರಾರ್ಥನಾ ಮಾಡಿ ಹೋದ್ರ ಮೀನು ಜಾಸ್ತಿ ಸಿಗ್ತಾವೇನ್ರೀ?"

ಇಲ್ಲ ರೀ.

ಮೀನು ಸಿಗುವುದು ನೀರಿನ ಲೆಕ್ಕದ ಮೇಲೆ. ಉಬ್ಬರದ ನೀರು ಏರುವಾಗ, ಮತ್ತೆ ಇಳಿಯಲು ಶುರುವಾದಾಗ ಮೀನು ಮೇಯಲು ಬರುತ್ತದೆ. ನೀರು ನಿಂತರೆ ಗಾಳಕ್ಕೆ ಚುಚ್ಚಿದ ಸಿಗಡಿ ಹಾಗೇ ಇರುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಈ ಶನಿವಾರ 6 ಗಂಟೆಗೆ ತುಂಬಿದ ನೀರಿದ್ದರೆ ಮುಂದಿನ ಶನಿವಾರ ಅದೇ ಹೊತ್ತಿಗೆ ಬರೀ ಕೆಸರು. ಇದನ್ನೆಲ್ಲ ಕಲಿಸಿದ್ದು ಕಾರವಾರದ ಗೆಳೆಯ. ಅವನೂ ನೀರಿಗಿಳಿಯುವ ಮುಂಚೆ ಒಂದು ಬೊಗಸೆ ಎತ್ತಿ ಹಣೆಗೆ ಮುಟ್ಟಿಸಿಕೊಳ್ಳುತ್ತಾನೆ. ಅವನನ್ನು ಮಾತ್ರ ಯಾರೂ ಈ ಪ್ರಶ್ನೆ ಕೇಳುವುದಿಲ್ಲ! ನನ್ನದು ಹುಬ್ಬಳ್ಳಿಯ ಬಾಸೆಲ್ ಮಿಷನ್‌ನ ಪ್ರಾಟೆಸ್ಟೆಂಟ್ ಕ್ರೈಸ್ತ ಮನೆತನ. ಚಿಕ್ಕವನಿದ್ದಾಗ ನನಗೆ ದೊಡ್ಡ ನೀರು ಅಂದರೆ ಉಣಕಲ್ ಕೆರೆ.

"ಮತ್ತೆ ಬೈಬಲ್‌ನಲ್ಲಿ ಬಲೆ ತುಂಬಿತಲ್ಲ?" ಅಂತಾರೆ ಕೆಲವರು. ತುಂಬಿತು. ಯೋಹಾನನ ಸುವಾರ್ತೆಯ 21ನೇ ಅಧ್ಯಾಯ. ಯೇಸುವಿನ ಶಿಷ್ಯ ಪೇತ್ರ ಮತ್ತು ಅವನ ಜೊತೆಯವರು ರಾತ್ರಿಯೆಲ್ಲ ಬಲೆ ಬೀಸಿದರೂ ಒಂದು ಮೀನಿಲ್ಲ. ಬೆಳಗಾದಾಗ ದಡದಲ್ಲಿ ನಿಂತ ಯೇಸು ಬಲಗಡೆ ಬೀಸಿ ಅಂದ. ಸಿಕ್ಕಿದ್ದು 153 ಮೀನು. ಎಣಿಸಿ ಬರೆದಿದ್ದಾರೆ ನೋಡಿ, ಮೀನು ಹಿಡಿಯುವವರ ಬುದ್ಧಿಯೇ ಅದು. (ನಮ್ಮ ಕಾರವಾರದವನು ತಪ್ಪಿಸಿಕೊಂಡದ್ದನ್ನೂ ಸೇರಿಸಿ ಎಣಿಸುತ್ತಾನೆ.) ಆದರೆ ನನಗೆ ಇಷ್ಟವಾದ ಸಂಗತಿ ಬೇರೆ. ಅವರು ದಡ ಮುಟ್ಟಿದಾಗ ಅಲ್ಲಿ ಆಗಲೇ ಕೆಂಡ ಇತ್ತು. ಕೆಂಡದ ಮೇಲೆ ಮೀನಿತ್ತು, ರೊಟ್ಟಿಯೂ ಇತ್ತು. ಇವರ ಬಲೆ ಇನ್ನೂ ನೀರಲ್ಲೇ ಇತ್ತು! ನೀವು ಹಿಡಿದದ್ದರಲ್ಲೂ ನಾಲ್ಕು ತನ್ನಿ ಅಂತ ಆಮೇಲೆ ಕೇಳಿದ. ರಾತ್ರಿಯೆಲ್ಲ ನಿದ್ದೆಗೆಟ್ಟವರಿಗೆ ಮೊದಲು ನಾಷ್ಟಾ.

ಆ ಪೇತ್ರನ ಹಬ್ಬ ಗೋವಾದಲ್ಲಿ ಜೂನ್ 29ಕ್ಕೆ. ಯಂತ್ರದ ದೋಣಿಗಳಿಗೆ 61 ದಿನದ ಮೀನುಗಾರಿಕೆ ನಿಷೇಧ ಇರುವ ಹೊತ್ತು, ಮೇಲೆ ಮಳೆ. ಕಾಂದೋಳಿಯಲ್ಲಿ ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಅದರ ಮೇಲೆ ಹಾಡು, ನಾಟಕ. ಸಾಂಗೊಡ್ ಅಂತಾರೆ. ನಮ್ಮ ಸಭೆಯಲ್ಲಿ ಸಂತರ ಹಬ್ಬ ಮಾಡುವ ರೂಢಿ ಇಲ್ಲ. ನಾನು ಸುಮ್ನೆ ಛತ್ರಿ ಹಿಡಿದು ನೋಡಿ ಬರುತ್ತೇನೆ.

ಹಾಗಾದರೆ ಪ್ರಾರ್ಥನೆಯಲ್ಲಿ ಏನು ಕೇಳುತ್ತೀರಿ ಅಂದರೆ, ಮೂವರೂ ನೆಟ್ಟಗೆ ವಾಪಸ್ ಬರಲಿ ಅಂತ. ಅಷ್ಟೇ.

ಈ ಸಲ ಮೂರನೆಯವನ ಗಾಳಕ್ಕೆ ಸಾಂಗಟ ಬಿತ್ತು. ಮೀಸೆ ಇರುವ ಮೀನು. ಗದಗಿನ ಹುಡುಗ, ಹೊಸಬ, ಬರಿಗೈಲಿ ಹಿಡಿದ. ಅದರ ಬೆನ್ನಿನ ಮೇಲೊಂದು, ಪಕ್ಕಕ್ಕೆರಡು ಮುಳ್ಳು, ಮೂರರಲ್ಲೂ ವಿಷ. ಹೆಬ್ಬೆರಳಿಗೆ ಚುಚ್ಚಿತು. ಹುಡುಗ ಕಲ್ಲಿನ ಮೇಲೆ ಕೂತುಬಿಟ್ಟ, ಮುಖವೆಲ್ಲ ಬೆವರು. ತಡೆಯುವಷ್ಟು ಬಿಸಿ ಇರುವ ನೀರಲ್ಲಿ ಮುಳುಗಿಸಿಟ್ಟರೆ ಆ ಉರಿ ಇಳಿಯುತ್ತದೆ. ನಮ್ಮ ಹತ್ತಿರ ಬಿಸಿ ನೀರಿರಲಿಲ್ಲ. ಫ್ಲಾಸ್ಕ್‌ನಲ್ಲಿ ಶುಂಠಿ ಚಹಾ ಇತ್ತು.

ಕಾರವಾರದವನು ಸ್ಟೀಲ್ ಲೋಟಕ್ಕೆ ಚಹಾ ಸುರಿದ. ಮೊದಲು ತನ್ನ ಬೆರಳಿಟ್ಟು ನೋಡಿದ. ಆಮೇಲೆ ಹುಡುಗನ ಮಣಿಕಟ್ಟು ಹಿಡಿದು ಹೆಬ್ಬೆರಳನ್ನು ಅದರಲ್ಲಿ ಅದ್ದಿದ. ಆರಿದಾಗ ಚೆಲ್ಲಿ ಮತ್ತೆ ಸುರಿದ. ಅರ್ಧ ಗಂಟೆ ಹೀಗೇ. ನೀರು ಇಳಿಯಲು ಶುರುವಾಗಿತ್ತು. ಅವನ ರಾಡ್ ಎರಡು ಸಲ ಬಾಗಿತು. ಅವನು ಆ ಕಡೆ ತಿರುಗಲೂ ಇಲ್ಲ.

ಅಲ್ಲಿಂದ ಸೀದಾ ಡಾಕ್ಟರ್ ಹತ್ತಿರ ಹೋಗಬೇಕಿತ್ತು, ಮುಳ್ಳಿನ ತುಂಡು ಒಳಗೇ ಮುರಿದಿತ್ತು. ಬುಟ್ಟಿಯಲ್ಲಿದ್ದದ್ದು ಎರಡೇ ಕಾಣೆ ಮೀನು. ಕಾರು ಹತ್ತುವಾಗ ಹುಡುಗ ಮೊದಲ ಸಲ ಬಾಯಿ ಬಿಟ್ಟ: "ಅಣ್ಣಾ, ನಮಗ ಕುಡಿಯಾಕ ಚಹಾ ಉಳಿದೈತೇನು?"