ಕಾಂಗ್ರೆಸ್ ಕಸದ ದುಂಬಿ: ಬಿಡುವ ಮುಂಚೆ ಸೂರ್ಯಕಾಂತಿ ಎಲೆ ಕೊಟ್ಟು ನೋಡಿದೆ

ಹುನಗುಂದದ ಹತ್ತಿರ ನಮ್ಮ ಹೊಲದ ಬದುವಿನ ತುಂಬ ಕಾಂಗ್ರೆಸ್ ಕಸ. ಅದನ್ನು ತಿನ್ನುವ ದುಂಬಿಗಳನ್ನು ಸಾಕುವ ಕೆಲಸ ಈ ಮುಂಗಾರಿನಲ್ಲಿ ಚೆನ್ನಾಗಿ ಸಾಗಿದೆ. ಮಳೆ ಬಿದ್ದ ಮೇಲೆ ಮಣ್ಣಿನೊಳಗಿಂದ ಎದ್ದು ಬಂದವನ್ನು ಹಳ್ಳದ ದಂಡೆಯಲ್ಲೇ ಹಿಡಿದೆ. ದೂರದಿಂದ ತರಿಸಲಿಲ್ಲ, ತರಿಸೋದೂ ಇಲ್ಲ. ಸೊಳ್ಳೆ ಪರದೆ ಹೊದಿಸಿದ ಪೆಟ್ಟಿಗೆಯಲ್ಲಿ ಎಲೆಗಳ ಕೆಳಗೆ ಮೊಟ್ಟೆ ಇಟ್ಟಿವೆ. ಮರಿಹುಳ ಮೊದಲು ತಿನ್ನೋದು ಕುಡಿಯನ್ನೇ. ಕುಡಿ ಹೋದರೆ ಹೂವೂ ಕಡಿಮೆ, ಬೀಜವೂ ಕಡಿಮೆ.

ಬದುವಿಗೆ ಬಿಡಬೇಕು ಅನ್ನುವಾಗ ಪಕ್ಕದ ಹೊಲದ ಕಾಕಾ ತಡೆದರು. "ನನ್ನ ಸೂರ್ಯಕಾಂತಿ ತಿಂದ್ರ ಏನ್ ಮಾಡ್ತಿ ತಮ್ಮಾ?" ಸರಿಯಾದ ಪ್ರಶ್ನೆ. ಕಾಂಗ್ರೆಸ್ ಕಸವೂ ಸೂರ್ಯಕಾಂತಿಯೂ ಒಂದೇ ಕುಟುಂಬದ ಗಿಡಗಳು.

ಈ ದುಂಬಿ ಮೆಕ್ಸಿಕೋದ್ದು. 1983ರಲ್ಲಿ ಬೆಂಗಳೂರಿಗೆ ತಂದರು. ಬೇರೆ ಬೇರೆ ಗಿಡಗಳ ಮೇಲೆ ಪರೀಕ್ಷೆ ಮಾಡಿ, 1984ರಲ್ಲಿ ಹೊರಗೆ ಬಿಟ್ಟರು. ಆದರೂ 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲೇ ಸೂರ್ಯಕಾಂತಿ ಎಲೆ ತಿನ್ನುತ್ತಿರೋದು ಕಂಡಿತು. ರೈತರು ಹೆದರಿದರು, ಸರ್ಕಾರ ಸಮಿತಿ ಮಾಡಿತು. ಹುಡುಕಿದಾಗ ಸಿಕ್ಕ ಕಾರಣ ಪರಾಗ. ಪಕ್ಕದ ಕಾಂಗ್ರೆಸ್ ಕಸದ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಬಿದ್ದರೆ ದುಂಬಿ ಅದನ್ನೂ ಕಚ್ಚುತ್ತದೆ. ನನಗೆ ಇದೇ ದೊಡ್ಡ ವಿಷಯ. ಎಲೆ, ಹುಳ ಎರಡನ್ನೇ ನೋಡಿದರೆ ಸಾಲದು. ಹೊಲದಲ್ಲಿ ಗಾಳಿ ಇದೆ, ಹಸಿವು ಇದೆ, ಪಕ್ಕದ ಗಿಡ ಇದೆ.

ಅದಕ್ಕೇ ಮೂರು ಡಬ್ಬಿ ಮಾಡಿದೆ. ಒಂದರಲ್ಲಿ ಕಾಂಗ್ರೆಸ್ ಎಲೆ, ಒಂದರಲ್ಲಿ ತೊಳೆದ ಸೂರ್ಯಕಾಂತಿ ಎಲೆ, ಇನ್ನೊಂದರಲ್ಲಿ ಕಾಂಗ್ರೆಸ್ ಹೂ ಉದುರಿಸಿದ ಸೂರ್ಯಕಾಂತಿ ಎಲೆ. ಮೊದಲನೆಯದರಲ್ಲಿ ದಂಟು ಮಾತ್ರ ಉಳಿಯಿತು. ತೊಳೆದ ಎಲೆಯನ್ನು ಅಲ್ಲಲ್ಲಿ ಕೆರೆದು ಬಿಟ್ಟವು. ಹೂ ಉದುರಿಸಿದ ಎಲೆಯಲ್ಲಿ ತೂತುಗಳು ಎದ್ದು ಕಂಡವು. ಸೂರ್ಯಕಾಂತಿ ಮೇಲೆ ಇಟ್ಟ ಮರಿಹುಳಗಳು ದೊಡ್ಡವಾಗದೆ ಸತ್ತವು. ಅಂದರೆ ಈ ಬೆಳೆಯ ಮೇಲೆ ಸಂತಾನ ಬೆಳೆಸೋದು ಅವಕ್ಕೆ ಕಷ್ಟ. ಸ್ವಲ್ಪ ಸಮಾಧಾನ ಆಯಿತು. ಕುಸುಬಿಯೂ ಇದೇ ಕುಟುಂಬದ್ದು, ಅದರ ಎಲೆಯನ್ನು ಇನ್ನೂ ಕೊಟ್ಟಿಲ್ಲ.

ಜಮಖಂಡಿ, ಮುಧೋಳದ ಕಬ್ಬಿನ ರೈತರಿಗೆ ಇದನ್ನೂ ಹೇಳಬೇಕು. 1935ರಲ್ಲಿ ಆಸ್ಟ್ರೇಲಿಯಾದವರು ಕಬ್ಬಿನ ದುಂಬಿ ತಿನ್ನಲಿ ಅಂತ ಹವಾಯಿಯಿಂದ ದೊಡ್ಡ ಕಪ್ಪೆ ತಂದರು. ಕಪ್ಪೆ ದುಂಬಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದಿತು. ಅದರ ಮೈಯಲ್ಲಿ ವಿಷ. ಅದನ್ನು ತಿನ್ನಲು ಹೋದ ಅಲ್ಲಿನ ಎಷ್ಟೋ ಪ್ರಾಣಿಗಳು ಸತ್ತವು. ಇವತ್ತಿಗೂ ಅದನ್ನು ಹಿಂದಕ್ಕೆ ಕರೆಸೋಕೆ ಆಗಿಲ್ಲ. ನಮ್ಮ ದುಂಬಿ ಅಷ್ಟು ಕೆಟ್ಟದ್ದಲ್ಲ, ಆದರೂ ಬಿಟ್ಟ ಮೇಲೆ ಹಿಡಿಯೋಕೆ ಆಗಲ್ಲ ಅನ್ನೋದು ಎರಡಕ್ಕೂ ಒಂದೇ, ಅಲ್ವಾ?

ಈಗ ಹೀಗೆ ಮಾಡಿದ್ದೇವೆ. ಕಾಕಾ ಅವರ ಬದುವಿನ ಕಸವನ್ನು ಹೂ ಬಿಡುವ ಮೊದಲೇ ಇಬ್ಬರೂ ಸೇರಿ ಕಿತ್ತೆವು. ಕೈಗೆ ಗ್ಲೋವ್ಸ್, ಉದ್ದ ತೋಳಿನ ಅಂಗಿ ಹಾಕ್ಕೊಳ್ಳಿ, ಈ ಗಿಡ ಚರ್ಮಕ್ಕೆ ತುರಿಕೆ ತರುತ್ತದೆ. ದುಂಬಿಗಳನ್ನು ಸೂರ್ಯಕಾಂತಿ ಇಲ್ಲದ ಹಳ್ಳದ ಕಡೆ ಬಿಡುತ್ತೇನೆ. ಕುಸುಬಿ ಎಲೆಯ ಪರೀಕ್ಷೆ ಮುಗಿಯುವ ತನಕ ಪೆಟ್ಟಿಗೆಯ ಬಾಗಿಲು ಮುಚ್ಚಿಯೇ ಇರುತ್ತದೆ.