ಪೂರ್ತಿ ಹೆಸರೇ ಹೇಳಿದ್ದೀನಿ, ಸರ್

“ಪೂರ್ತಿ ಹೆಸರು ಹೇಳಮ್ಮ” ಎಂದು ಪ್ರಶ್ನೆ ಕೇಳುತ್ತಿದ್ದವರು ಎರಡನೆಯ ಸಲ ಹೇಳಿದಾಗ ಆ ಹುಡುಗಿ ಸ್ವಲ್ಪವೂ ಅಳುಕದೆ, ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದುಕೊಂಡು, “ಪೂರ್ತಿ ಹೆಸರೇ ಹೇಳಿದ್ದೀನಿ, ಸರ್” ಎಂದಳು. ಸಭಾಂಗಣದಲ್ಲಿ ನಗು ಎದ್ದಿತು. ಮುಂದಿನ ಸಾಲಿನ ಮೇಜಿನ ಹಿಂದೆ ತೀರ್ಪುಗಾರನಾಗಿ ಕುಳಿತಿದ್ದ ನಾನೂ ನಕ್ಕೆ. ಈ ವಾರವಿಡೀ ನನ್ನನ್ನು ಕಾಡುತ್ತಿರುವುದು ಆ ಮಾತಿಗಿಂತ ಹೆಚ್ಚಾಗಿ ಆ ನನ್ನ ನಗುವೇ.

ಮತದಾರರ ದಿನಾಚರಣೆಯ ಅಂಗವಾಗಿ ಚಿಕ್ಕಮಗಳೂರಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆಂದು ಏರ್ಪಡಿಸಿದ್ದ ರಸಪ್ರಶ್ನೆ ಅದು. ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕರೆದಿದ್ದರು. ಪ್ರಶ್ನೆ ಇಷ್ಟೇ: 1978ರಲ್ಲಿ ಇಂದಿರಾ ಗಾಂಧಿಯವರು ಯಾವ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು? ಕಡೂರು ಕಡೆಯ ಶಾಲೆಯೊಂದರಿಂದ ಬಂದಿದ್ದ ಆ ಹುಡುಗಿ ಪ್ರಶ್ನೆ ಮುಗಿಯುವ ಮೊದಲೇ ಗಂಟೆ ಒತ್ತಿ “ಚಿಕ್ಕಮಗಳೂರು” ಎಂದಳು. ಪ್ರಶ್ನೆ ಕೇಳುತ್ತಿದ್ದವರ ಕೈಯ ಚೀಟಿಯಲ್ಲಿ ಮಾತ್ರ ಉತ್ತರ “ಉಡುಪಿ–ಚಿಕ್ಕಮಗಳೂರು” ಎಂದು ಅಚ್ಚಾಗಿತ್ತು. ಅವರು ಕೆಟ್ಟವರಲ್ಲ, ಚೀಟಿಯಲ್ಲಿರುವುದನ್ನು ಬಿಟ್ಟು ಬೇರೆಯದು ಲೋಕದಲ್ಲಿರಲು ಸಾಧ್ಯ ಎಂದು ಒಪ್ಪದ ಜನ, ಅಷ್ಟೆ. ನಮ್ಮ ಶಾಲೆಗಳಲ್ಲಿ ಅಂಥವರಿಗೆ ಎಂದೂ ಕೊರತೆಯಿರಲಿಲ್ಲ. ತೀರ್ಪು ನಮ್ಮ ಮೇಜಿಗೆ ಬಂದಾಗ ನನ್ನ ಪಕ್ಕದಲ್ಲಿದ್ದ ಮತ್ತೊಬ್ಬ ತೀರ್ಪುಗಾರರು, ಈಗಿನ ಅಧಿಕೃತ ಹೆಸರನ್ನೇ ಹೇಳಬೇಕಾಗುತ್ತದೆ ಎಂದು ಗಂಭೀರವಾಗಿ ಅಭಿಪ್ರಾಯಪಟ್ಟರು. ನಾನು, ಎಲ್ಲವನ್ನೂ ಗೊತ್ತಿದ್ದ ನಾನು, ಊಟದ ಹೊತ್ತು ಮೀರುತ್ತಿದೆಯೆಂಬ ಕಾರಣಕ್ಕೆ, “ಅರ್ಧ ಅಂಕ ಕೊಟ್ಟುಬಿಡೋಣ” ಎಂದೆ.

ಪೂರ್ತಿ ಅಂಕ ಕೊಟ್ಟಿದ್ದರೂ ಅವಳ ತಂಡ ಮೂರನೆಯ ಸ್ಥಾನದಿಂದ ಮೇಲೇರುತ್ತಿರಲಿಲ್ಲ ಎಂಬುದನ್ನು ಆಮೇಲೆ ಲೆಕ್ಕ ಹಾಕಿ ನೋಡಿಕೊಂಡೆ. ಸಮಾಧಾನವೇನೂ ಆಗಲಿಲ್ಲ. ಉಡುಪಿ–ಚಿಕ್ಕಮಗಳೂರು ಎಂಬ ಕ್ಷೇತ್ರ 1978ರಲ್ಲಿ ಇರಲೇ ಇಲ್ಲ. 2002ರ ಕ್ಷೇತ್ರ ಮರುವಿಂಗಡಣೆ ಕಾಯ್ದೆಯಂತೆ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿಯನ್ನು ಮುಂದಿಟ್ಟುಕೊಂಡು ಗಡಿಗಳನ್ನು ಹೊಸದಾಗಿ ಬರೆದು, ಆ ಆದೇಶ 2008ರಲ್ಲಿ ಜಾರಿಗೆ ಬಂದ ಮೇಲೆ ಹುಟ್ಟಿದ ಹೆಸರು ಅದು. ಇಂದಿರಾ ಗಾಂಧಿಯವರು ತೀರಿಕೊಂಡು ಆಗಲೇ 23 ವರ್ಷ ಕಳೆದಿತ್ತು. ಹಾಗಾಗಿ ಹುಡುಗಿ ಹೇಳಿದ್ದು ಸರಿ ಉತ್ತರ ಮಾತ್ರವಲ್ಲ, “ಪೂರ್ತಿ ಹೆಸರೇ ಹೇಳಿದ್ದೀನಿ” ಎಂಬ ಮಾತೂ ಅಕ್ಷರಶಃ ಸರಿಯೇ.

ಕಾರ್ಯಕ್ರಮ ಮುಗಿದ ಮೇಲೆ, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ಅವಳ ಹತ್ತಿರ ಹೋಗಿ, “ನಿನ್ನ ಉತ್ತರ ಸರಿಯಾಗಿತ್ತು ಮಗು” ಎಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ, “ಹಂಗಾದ್ರೆ ಅರ್ಧ ಯಾಕೆ ಕೊಟ್ರಿ ಸರ್?” ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಮಾತು ತಿರುಗಿಸುವುದಕ್ಕಾಗಿ, ನಿಮ್ಮ ಎಂಪಿ ಯಾವ ಕ್ಷೇತ್ರದವರು ಗೊತ್ತೇ ಎಂದೆ. “ನಮ್ದು ಹಾಸನ ಸರ್” ಎಂದಳು. ಅದೂ ಸರಿಯೇ. ಮರುವಿಂಗಡಣೆಯಲ್ಲಿ ಕಡೂರು ವಿಧಾನಸಭಾ ಕ್ಷೇತ್ರವನ್ನು ಹಾಸನಕ್ಕೆ ಸೇರಿಸಿ, ಚಿಕ್ಕಮಗಳೂರು, ಶೃಂಗೇರಿ, ಮೂಡಿಗೆರೆ, ತರೀಕೆರೆಗಳನ್ನು ಘಟ್ಟದ ಕೆಳಗಿನ ಕುಂದಾಪುರ, ಉಡುಪಿ, ಕಾಪು, ಕಾರ್ಕಳಗಳ ಜೊತೆ ಕಟ್ಟಿದರು. ಜಿಲ್ಲೆಯ ಹೆಸರು ಉಳಿಯಿತು, ಅದೂ ಅಡ್ಡಗೆರೆಯ ಬಲಗಡೆಗೆ.

ನನ್ನ ತಾಯಿ ಈಗಲೂ ಬೀರೂರಿನಲ್ಲಿದ್ದಾರೆ. ವಯಸ್ಸು 84. ಮದುವೆಯಾಗಿ ಬಂದ ಮನೆಯನ್ನು ಬಿಟ್ಟು ಕದಲಿದವರಲ್ಲ. ಆದರೆ ಈ ಮರುವಿಂಗಡಣೆಯಲ್ಲಿ ಅವರಷ್ಟು ದೂರ ಪ್ರಯಾಣ ಮಾಡಿದವರು ಯಾರೂ ಇರಲಾರರು ಎಂದು ನನಗೆ ಅನ್ನಿಸುವುದುಂಟು. ಬೀರೂರು ಎಂಬ ವಿಧಾನಸಭಾ ಕ್ಷೇತ್ರವೇ ಆಗ ಅಳಿಸಿಹೋಗಿ ಊರು ಕಡೂರಿಗೆ ಸೇರಿತು. ಕಡೂರು ಹಾಸನಕ್ಕೆ ಸೇರಿತು. ಕಟ್ಟೆಯ ಮೇಲೆ ಕುಳಿತು ಬೀನ್ಸ್ ನಾರು ತೆಗೆಯುತ್ತಿದ್ದ ಹೆಂಗಸು ಎದ್ದು ನೋಡುವಷ್ಟರಲ್ಲಿ ಎರಡು ಕ್ಷೇತ್ರಗಳು ಮಾಯವಾಗಿದ್ದವು.

ಆ ರಾತ್ರಿಯೇ ಫೋನು ಮಾಡಿ ನಡೆದುದನ್ನು ಹೇಳಿದೆ. ಅಮ್ಮನಿಗೆ ರಸಪ್ರಶ್ನೆಯ ವಿಷಯದಲ್ಲಿ ಆಸಕ್ತಿಯಿರಲಿಲ್ಲ, 1978ರ ವಿಷಯದಲ್ಲಿ ಇತ್ತು. “ನಿಮ್ಮಪ್ಪ ವೀರೇಂದ್ರ ಪಾಟೀಲರಿಗೆ ಹಾಕು ಅಂತ ಎರಡು ದಿನ ಹೇಳಿದ್ರು. ನಾನು ಹ್ಞೂಂ ಅಂದೆ. ಹೋಗಿ ಕೈಗೆ ಒತ್ತಿ ಬಂದೆ” ಎಂದರು. ನಮ್ಮಪ್ಪ ಬೀರೂರು ಜಂಕ್ಷನ್ನಿನಲ್ಲಿ ರೈಲ್ವೆ ನೌಕರ. 1974ರ ರೈಲ್ವೆ ಮುಷ್ಕರದಲ್ಲಿ ಪಾಲ್ಗೊಂಡಿದ್ದವರು. ಆ ಮುಷ್ಕರದ ನಾಯಕ ಜಾರ್ಜ್ ಫರ್ನಾಂಡಿಸ್ ನಾಲ್ಕು ವರ್ಷಗಳ ನಂತರ, ಕೇಂದ್ರ ಸಚಿವರಾಗಿ, ಇಂದಿರಾ ಗಾಂಧಿಯವರನ್ನು ಸೋಲಿಸಬೇಕೆಂದು ನಮ್ಮ ಜಿಲ್ಲೆಗೇ ಬಂದು ಪ್ರಚಾರಕ್ಕೆ ನಿಂತಾಗ ಅಪ್ಪನಿಗೆ ಅದು ಚುನಾವಣೆಯಾಗಿ ಉಳಿಯಲಿಲ್ಲ, ಬಾಕಿಯಿದ್ದ ಲೆಕ್ಕವಾಯಿತು. ಹತ್ತು ವರ್ಷದ ಹುಡುಗನಾಗಿದ್ದ ನನಗೆ ನೆನಪಿರುವುದು ಜೀಪುಗಳ ಧೂಳು, ಗೋಡೆಗಳ ಮೇಲಿನ ಸುಣ್ಣದ ಹಸ್ತ, ಮತ್ತು ಹಿಂದಿ ಬಾರದ ನಮ್ಮೂರಿನ ಹುಡುಗರೆಲ್ಲ “ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರ್ ಚಿಕ್ಕಮಗಳೂರ್” ಎಂದು ಕೂಗುತ್ತ ಬೀದಿಯಲ್ಲಿ ಓಡುತ್ತಿದ್ದುದು. ಲಂಗೂರ್ ಎಂದರೆ ನಾವೇ ಇರಬೇಕೆಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ಆ ಚುನಾವಣೆಯ ಹಿನ್ನೆಲೆಯನ್ನು ಈಗಿನ ಮಕ್ಕಳಿಗೆ ಹೇಳುವಾಗ ನಾವು ಒಂದು ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ತುರ್ತು ಪರಿಸ್ಥಿತಿಯ ನಂತರ ಬಂದ 1977ರ ಚುನಾವಣೆಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ, ರಾಯ್‌ಬರೇಲಿಯಲ್ಲಿ ಸ್ವತಃ ಇಂದಿರಾ ಗಾಂಧಿಯವರೇ ರಾಜ್ ನಾರಾಯಣ್ ಅವರೆದುರು ಸೋತಾಗ, ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತ್ತು. ದೇವರಾಜ ಅರಸರ ರಾಜ್ಯದಲ್ಲಿ ಸುರಕ್ಷಿತವಾದ ಸ್ಥಾನವನ್ನು ಹುಡುಕುವುದು ಕಷ್ಟವೇನೂ ಆಗಿರಲಿಲ್ಲ, ಖಾಲಿ ಮಾಡಿಸುವುದಷ್ಟೇ ಬೇಕಾಗಿತ್ತು. 1971 ಮತ್ತು 1977ರಲ್ಲಿ ಇಲ್ಲಿಂದ ಗೆದ್ದಿದ್ದ ಡಿ. ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟರು. 1978ರ ನವೆಂಬರ್ 5ರಂದು ಮತದಾನ ನಡೆಯಿತು. ಜನತಾ ಪಕ್ಷದ ಅಭ್ಯರ್ಥಿಯಾಗಿದ್ದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಇಂದಿರಾ ಗಾಂಧಿಯವರು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಸೋಲಿಸಿದರು. ಡಿಸೆಂಬರ್ 19ರಂದು, ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಅವರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳುಹಿಸಿತು. ಮತದಾನದ ದಿನದಿಂದ ಎಣಿಸಿದರೂ 44 ದಿನ. 1980ರಲ್ಲಿ ಅವರು ರಾಯ್‌ಬರೇಲಿ ಮತ್ತು ಮೇದಕ್‌ಗಳಲ್ಲಿ ನಿಂತು ಎರಡರಲ್ಲೂ ಗೆದ್ದರು. ಚಿಕ್ಕಮಗಳೂರಿಗೆ ಮರಳಲಿಲ್ಲ. ಅವರ ಉಚ್ಚಾಟನೆಯ ನಿರ್ಣಯವನ್ನು 1981ರಲ್ಲಿ ಲೋಕಸಭೆಯೇ ರದ್ದುಪಡಿಸಿತಾದರೂ, ಅಷ್ಟರಲ್ಲಿ ನಮ್ಮ ಕ್ಷೇತ್ರಕ್ಕೆ ಡಿ. ಎಂ. ಪುಟ್ಟೇಗೌಡರು ಸದಸ್ಯರಾಗಿದ್ದರು.

ಆ ಆಟದ ಆಟಗಾರರು ಆಮೇಲೆ ಎಲ್ಲೆಲ್ಲಿಗೆ ಹೋದರೆಂಬುದನ್ನು ನೋಡಿದರೆ ನಮ್ಮಪ್ಪನ ಕೋಪವೂ ಅಮ್ಮನ ಗುಟ್ಟೂ ಎರಡೂ ಪಾಪ ಎನ್ನಿಸುತ್ತವೆ. ಗೆಲ್ಲಿಸಿದ ಅರಸರು ಮರುವರ್ಷವೇ ಇಂದಿರಾ ಅವರಿಂದ ದೂರವಾದರು. ಸೋತ ವೀರೇಂದ್ರ ಪಾಟೀಲರು ಕೊನೆಗೆ ಅದೇ ಕಾಂಗ್ರೆಸ್ಸಿಗೆ ಬಂದು 1989ರಲ್ಲಿ ಮುಖ್ಯಮಂತ್ರಿಯಾದರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು 2009ರಲ್ಲಿ ಬೆಂಗಳೂರು ಉತ್ತರದಿಂದ ಬಿಜೆಪಿಯ ಸಂಸದರಾಗಿ ಆರಿಸಿಬಂದರು. ಇದನ್ನೆಲ್ಲ ಹೇಳಿದಾಗ ಅಮ್ಮ, “ಅವರೆಲ್ಲ ಜಾಗ ಬದಲಾಯಿಸಿದ್ರು, ನನ್ನನ್ನ ಕೂತಲ್ಲೇ ಬದಲಾಯಿಸಿಬಿಟ್ರು” ಎಂದರು.

ನಾನು ಈ ಬರಹಕ್ಕೆ ಕುಳಿತದ್ದು ಚೀಟಿ ಬರೆದವರನ್ನು ದೂರುವುದಕ್ಕೆ. ಆದರೆ ಬರೆಯುತ್ತ ಹೋದಂತೆ ಬೆರಳು ನನ್ನತ್ತಲೇ ತಿರುಗಿತು. ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ 1967ರಿಂದ 2008ರವರೆಗೆ ಇತ್ತು. ಹನ್ನೊಂದು ಸಾರ್ವತ್ರಿಕ ಚುನಾವಣೆಗಳು, ಒಂದು ಉಪಚುನಾವಣೆ, ಏಳು ಸದಸ್ಯರು. ಮೂವತ್ತು ವರ್ಷ ಪಾಠ ಹೇಳಿದ ನಾನು ಆ ಉಪಚುನಾವಣೆಯೊಂದನ್ನೇ ಹೇಳುತ್ತಿದ್ದೆ, ಏಳು ಜನರ ಹೆಸರನ್ನು ತರಗತಿಯಲ್ಲಿ ಒಂದು ಸಲವೂ ಹೇಳಿದವನಲ್ಲ. ಮೊದಲ ಸದಸ್ಯರು ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡರು. ಎಂದರೆ, ಕಾಂಗ್ರೆಸ್ಸಿನ ಸುರಕ್ಷಿತ ಸ್ಥಾನವೆಂದು ದೇಶಕ್ಕೆಲ್ಲ ಹೆಸರಾದ ಈ ಕ್ಷೇತ್ರ ತನ್ನ ಮೊದಲ ಮತವನ್ನು ಸಮಾಜವಾದಿಯೊಬ್ಬರಿಗೆ ಕೊಟ್ಟಿತ್ತು. ಪುಟ್ಟೇಗೌಡರು 1980 ಮತ್ತು 1989ರಲ್ಲಿ ಗೆದ್ದರೆ, ಅವರ ನಡುವೆ ಮತ್ತು ಅವರ ನಂತರ, 1984 ಹಾಗೂ 1991ರಲ್ಲಿ ಡಿ. ಕೆ. ತಾರಾದೇವಿ ಗೆದ್ದು, ನರಸಿಂಹ ರಾವ್ ಸರ್ಕಾರದಲ್ಲಿ ರಾಜ್ಯ ಸಚಿವೆಯೂ ಆದರು. ಚಿಕ್ಕಮಗಳೂರಿನ ಮಹಿಳಾ ಸಂಸದೆ ಎಂದರೆ ನಮ್ಮ ಮಕ್ಕಳಿಗೆ ಈಗಲೂ ಹೊಳೆಯುವುದು 44 ದಿನದವರ ಹೆಸರು, ಎರಡು ಅವಧಿಗೆ ಆರಿಸಿಬಂದವರದಲ್ಲ. 1996ರಲ್ಲಿ ಜನತಾ ದಳದ ಬಿ. ಎಲ್. ಶಂಕರ್. 1998, 1999, 2004ರಲ್ಲಿ ಸತತವಾಗಿ ಬಿಜೆಪಿಯ ಡಿ. ಸಿ. ಶ್ರೀಕಂಠಪ್ಪ. ಕ್ಷೇತ್ರದ ಹೆಸರಿನಲ್ಲಿ ಆರಿಸಿಬಂದ ಕೊನೆಯ ಸದಸ್ಯರು ಅವರೇ. ಹಾಗೆ ನೋಡಿದರೆ ಮರುವಿಂಗಡಣೆ ಆಯೋಗ ಅಳಿಸಿದ್ದು ಒಂದು ಗಡಿಯನ್ನು. ಅದರ ಚರಿತ್ರೆಯ ನಲವತ್ತು ವರ್ಷಗಳನ್ನು 44 ದಿನಗಳ ಕೆಳಗೆ ಮುಚ್ಚಿದವರು ನಾವೇ, ಹೆಮ್ಮೆಯಿಂದ.

ಹಳೆಯ ಗಡಿಯೂ ದೇವರು ಎಳೆದ ಗೆರೆಯಾಗಿರಲಿಲ್ಲ ಎಂಬುದನ್ನೂ ಒಪ್ಪಬೇಕು. 1952ರ ಮೊದಲ ಚುನಾವಣೆಯಲ್ಲಿ ಇದ್ದದ್ದು ಹಾಸನ–ಚಿಕ್ಕಮಗಳೂರು ಎಂಬ ಜಂಟಿ ಕ್ಷೇತ್ರ, ಗೆದ್ದವರು ಎಚ್. ಸಿದ್ದನಂಜಪ್ಪ. ಆಗಲೂ ಅಡ್ಡಗೆರೆಯ ಬಲಗಡೆಯೇ ನಮ್ಮ ಜಾಗ. ಕಡೂರಿನವರು ಹಾಸನಕ್ಕೆ ಹೋದದ್ದನ್ನು ತವರಿಗೆ ಮರಳಿದಂತೆ ಎಂದು ಬೇಕಾದರೂ ಹೇಳಬಹುದು. ಇನ್ನು ಉಡುಪಿಯವರ ನಷ್ಟವೂ ಕಡಿಮೆಯದಲ್ಲ. ಆಸ್ಕರ್ ಫರ್ನಾಂಡಿಸ್ ಅವರನ್ನು 1980ರಿಂದ ಐದು ಸಲ ಸತತವಾಗಿ ಗೆಲ್ಲಿಸಿದ ಅವರ ಕ್ಷೇತ್ರವೂ ನಮ್ಮದರ ಜೊತೆಗೇ ಕಣ್ಮುಚ್ಚಿತು. ಆದರೆ ಈಗಿನ ಏರ್ಪಾಟಿನಲ್ಲಿ ಒಬ್ಬರೇ ಸಂಸದರು ಮಲ್ಪೆಯ ಮೀನುಗಾರರ ಬಂದರಿನ ಮಾತನ್ನೂ, ಮೂಡಿಗೆರೆಯ ಕಾಫಿ ಬೆಳೆಗಾರರ ಆನೆಯ ಹಾವಳಿಯ ಮಾತನ್ನೂ, ತರೀಕೆರೆಯ ತೋಟಗಳ ನೀರಿನ ಮಾತನ್ನೂ ಒಂದೇ ಉಸಿರಿನಲ್ಲಿ ಆಡಬೇಕಾಗಿರುವುದರಿಂದ, ಘಟ್ಟದ ಮೇಲಿನವರಿಗೆ ಅವರು ಸದಾ ಕೆಳಗಿರುವಂತೆಯೂ ಕೆಳಗಿನವರಿಗೆ ಸದಾ ಮೇಲಿರುವಂತೆಯೂ ಕಾಣುವುದು ಯಾವ ಪಕ್ಷದವರು ಗೆದ್ದರೂ ತಪ್ಪದು. 2009ರಲ್ಲಿ ಡಿ. ವಿ. ಸದಾನಂದಗೌಡರು ಗೆದ್ದು, ಎರಡೇ ವರ್ಷಗಳಲ್ಲಿ ಮುಖ್ಯಮಂತ್ರಿಯಾಗಿ ಹೋದಾಗ, 2012ರಲ್ಲಿ ಮತ್ತೆ ಉಪಚುನಾವಣೆ ನಡೆದು ಕೆ. ಜಯಪ್ರಕಾಶ್ ಹೆಗ್ಡೆಯವರು ಗೆದ್ದರು. ಆ ಉಪಚುನಾವಣೆಯ ಬಗ್ಗೆ ಯಾವ ರಸಪ್ರಶ್ನೆಯಲ್ಲಿಯೂ ಯಾರೂ ಕೇಳುವುದಿಲ್ಲ.

ಈ ನಡುವೆ ಆ ಸಭಾಂಗಣ ದಿನಕ್ಕೆ ಹತ್ತು ಸಲವಾದರೂ ಕಣ್ಣ ಮುಂದೆ ಬರುತ್ತದೆ. “ಪೂರ್ತಿ ಹೆಸರು ಹೇಳಮ್ಮ.” “ಪೂರ್ತಿ ಹೆಸರೇ ಹೇಳಿದ್ದೀನಿ, ಸರ್.” ಪ್ರತಿ ಸಲವೂ ನಾನು ಎದ್ದು ನಿಂತು ಅವಳು ಹೇಳಿದ್ದು ಸರಿಯೆಂದು ಹೇಳುತ್ತೇನೆ, ಪ್ರತಿ ಸಲವೂ ಸಭೆ ನಗುವುದನ್ನು ನಿಲ್ಲಿಸುತ್ತದೆ. ಮನಸ್ಸಿನಲ್ಲಿ ನಾನು ಬಹಳ ಒಳ್ಳೆಯ ತೀರ್ಪುಗಾರ.

ನಿನ್ನೆ ತಡೆಯಲಾರದೆ ಪ್ರಶ್ನೆ ಕೇಳಿದವರಿಗೆ ಫೋನು ಮಾಡಿದೆ. ಅಂಕ ಬದಲಾಯಿಸಿ ಎಂದು ಕೇಳಲಿಲ್ಲ, ಚೀಟಿ ತಿದ್ದಿಕೊಳ್ಳಿ ಎಂದೆ, ಏಕೆಂದರೆ ಮುಂದಿನ ವರ್ಷ ಬೇರೆ ತಾಲ್ಲೂಕಿನಲ್ಲಿ ಅದೇ ಪ್ರಶ್ನೆಗಳನ್ನು ಬಳಸುವುದಾಗಿ ಅವರು ಅಂದೇ ಹೇಳಿದ್ದರು. ಮರುವಿಂಗಡಣೆ, 2008, ಬೀರೂರು, ಕಡೂರು ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು, ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ, ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

“ಆಯ್ತು ಸಾರ್” ಎಂದರು. “ಎರಡೂ ಸರಿ ಅಂತ ಹಾಕ್ಕೊಳ್ತೀನಿ.”